ಮೇಳದೊಳಗೊಂದು ಬೇರೆ ಹೆಜ್ಜೆ

ಕಬಡ್ಡಿ ಅಂಕಣದಲ್ಲಿ ರೇಡರ್ ನಡುಗೆರೆ ದಾಟಿ ಒಳಗೆ ಕಾಲಿಟ್ಟ ಕೂಡಲೇ ಎದುರಿನ ಏಳು ಮಂದಿಯ ನಿಲುವೇ ಬದಲಾಗುತ್ತದೆ. ಇಬ್ಬರು ಮೂವರಾಗಿ ಕೈಹಿಡಿದು ನಿಂತವರು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಾರೆ. ಅವನು ಎಡಮೂಲೆಗೆ ವಾಲಿದರೆ ಬಲತುದಿಯವರು ಸದ್ದಿಲ್ಲದೆ ಮುಂದೆ ಸರಿದು ಅವನು ಮರಳುವ ದಾರಿ ಕಟ್ಟುತ್ತಾರೆ. ಹಿಡಿದ ಅಂಗೈ ಬಿಗಿಯಾದದ್ದು, ಪಕ್ಕದವನ ಮೊಣಕಾಲು ಮಡಿದದ್ದು, ಒಂದು ಕ್ಷಣ ಉಸಿರು ತಡೆದದ್ದು, ಅವರವರಲ್ಲಿ ನಡೆಯುವ ಮಾತು ಇಷ್ಟೇ. ಒಬ್ಬನಿಗೆ ಇರುವುದು 30 ಸೆಕೆಂಡು. ಮೂಲೆಯವನು ಅರ್ಧ ಹೆಜ್ಜೆ ಮೊದಲೇ ನುಗ್ಗಿದರೆ ಸರಪಳಿ ಹರಿಯಿತು, ಪಾಯಿಂಟು ಹೋಯಿತು.

ಒಬ್ಬ ಮನುಷ್ಯ ಮತ್ತು ಅವನ ಸುತ್ತಲಿನ ಗುಂಪು ಎಂಬ ವಿಷಯ ಹಿಡಿದು ಕಟ್ಟುವ ಸಮಕಾಲೀನ ನೃತ್ಯಕೃತಿಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಆದರೂ ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲೋ ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲೋ ಇಂಥ ಕೃತಿಯನ್ನು ಮೊದಲ ಸಲ ನೋಡುವವರಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಲ್ಲಾ ಚಂದ ಐತ್ರಿ, ಆದ್ರ ಇದರಾಗ ಕತಿ ಏನು?’ ಪ್ರಶ್ನೆ ನ್ಯಾಯವಾದದ್ದು. ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದ ಕಣ್ಣಿಗೆ ಭಾಗವತನಿರುತ್ತಾನೆ, ಬಂದ ಪಾತ್ರ ಯಾರೆಂದು ಅವನೇ ಕೇಳಿ ಹೇಳಿಸುತ್ತಾನೆ. ಭರತನಾಟ್ಯದಲ್ಲಿ ಮುದ್ರೆಗೆ ಅರ್ಥವಿದೆ, ಹಾಡಿಗೆ ಸಾಹಿತ್ಯವಿದೆ. ಇಲ್ಲಿ ಅವೆರಡೂ ಇಲ್ಲ. ಆರು ಮಂದಿ ಒತ್ತಾಗಿ ನಿಂತು ಏಳನೆಯವಳು ಎರಡು ಮಾರು ದೂರ ನಿಂತರೆ ಆ ಎರಡು ಮಾರಿನ ಜಾಗವೇ ಮಾತಾಡಬೇಕು. ಅದು ಮಾತಾಡುವ ಹಾಗೆ ಮಾಡುವುದು ಹೇಗೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದೇ ಈ ಬರಹದ ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಂಥ ಕೃತಿಯಲ್ಲಿ ಕಷ್ಟದ ಕೆಲಸ ಒಂಟಿಯಾಗುವವರದ್ದಲ್ಲ, ಗುಂಪಿನದ್ದು. ಒಬ್ಬರು ಬೇರೆ ಕಾಣಬೇಕಾದರೆ ಉಳಿದವರು ಮೊದಲು ನಿಜವಾಗಿ ಒಂದಾಗಿರಬೇಕು. ಉಳಿದ ಆರು ಮಂದಿಯ ಹೆಜ್ಜೆ ಆರು ಕಡೆ ಇದ್ದರೆ ಏಳನೆಯವರ ಬೇರೆ ಹೆಜ್ಜೆ ಅದೇ ಗದ್ದಲದಲ್ಲಿ ಮುಳುಗುತ್ತದೆ. ಹೊಸ ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ. ಚೆನ್ನಾಗಿ ಕುಣಿಯುವವರನ್ನು ಆರಿಸಿ ಅವರಿಗೆ ಸೋಲೊ, ಅಂದರೆ ಒಬ್ಬರೇ ಕುಣಿಯುವ ಭಾಗ, ಹೇಳಿಕೊಡುವುದರಲ್ಲೇ ಮುಕ್ಕಾಲು ದಿನ ಕಳೆಯುತ್ತಾರೆ, ಗುಂಪನ್ನು ಹಿನ್ನೆಲೆಯ ಪರದೆ ಮಾಡಿ ಬಿಡುತ್ತಾರೆ.

ಈ ವಿಷಯ ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಐಹೊಳೆಯ ರಾವಣಫಡಿ ಗುಹೆಯೊಳಗೆ 6ನೆಯ ಶತಮಾನದ ಶಿಲ್ಪಸಮೂಹ ಒಂದಿದೆ: ಹತ್ತು ಕೈಗಳ ನರ್ತಿಸುವ ಶಿವ, ಅವನೊಡನೆ ಸಪ್ತಮಾತೃಕೆಯರು. ಮಾತೃಕೆಯರಿಗೆ ಎತ್ತರದ ಕಿರೀಟ, ನೆರಿಗೆಯ ಉಡುಗೆ. ಮೊದಲ ನೋಟಕ್ಕೆ ಎಲ್ಲರೂ ಒಂದೇ ಸಾಲಿನ ಒಂದೇ ಜಾತಿಯ ಆಕೃತಿಗಳು. ಅವರ ಆ ಒಂದೇತನದ ಎದುರಿಗೇ ಹತ್ತು ಕೈ ಬೀಸಿದ ಶಿವನ ಮೈ ಅಷ್ಟು ಬೇರೆಯಾಗಿ ಕಾಣುವುದು. ಬಾದಾಮಿಯ ಒಂದನೆಯ ಗುಹೆಯ ಹೊರಗಿರುವ 18 ಕೈಗಳ ನಟರಾಜನನ್ನೂ ನೋಡಿ. ಅಲ್ಲಿ ಒಬ್ಬನೇ ನರ್ತಕ ಮಹಾಶಕ್ತಿಯಾಗಿದ್ದಾನೆ. ರಾವಣಫಡಿಯ ಶಿವ ಗುಂಪಿನೊಳಗಿನ ಒಬ್ಬ. ಎರಡೂ ನೃತ್ಯವೇ, ಆದರೆ ನೋಡುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ ಬೇರೆ.

ಆಧುನಿಕ ರಂಗದಲ್ಲಿ ಈ ಪ್ರಶ್ನೆಯನ್ನು ಜೋರಾಗಿ ಎತ್ತಿದ್ದು ಪ್ಯಾರಿಸ್‌ನಲ್ಲಿ 1913ರ ಮೇ 29ರಂದು ಮೊದಲ ಪ್ರದರ್ಶನ ಕಂಡ ‘ದ ರೈಟ್ ಆಫ್ ಸ್ಪ್ರಿಂಗ್’. ಸಂಗೀತ ಸ್ಟ್ರಾವಿನ್ಸ್ಕಿಯದು, ನೃತ್ಯ ಸಂಯೋಜನೆ ನಿಜಿನ್ಸ್ಕಿಯದು. ಒಂದು ಬುಡಕಟ್ಟು ತನ್ನ ಒಳಿತಿಗಾಗಿ ಒಬ್ಬ ಹುಡುಗಿಯನ್ನು ಆರಿಸುತ್ತದೆ, ಅವಳು ಕುಣಿದು ಕುಣಿದು ಸಾಯುತ್ತಾಳೆ. ಇದೇ ಸಂಗೀತಕ್ಕೆ ಜರ್ಮನಿಯ ಪೀನಾ ಬೌಶ್ 1975ರಲ್ಲಿ ತಮ್ಮ ರೂಪ ಕೊಟ್ಟರು. ವೇದಿಕೆಯ ತುಂಬ ಮಣ್ಣು ಹರಡಿಸಿದರು, ಹೆಣ್ಣುಮಕ್ಕಳ ನಡುವೆ ಒಂದು ಕೆಂಪು ಉಡುಪು ಕೈಯಿಂದ ಕೈಗೆ ದಾಟುವಂತೆ ಮಾಡಿದರು. ಆ ಉಡುಪು ಹಿಡಿದವಳ ಮುಖ ನೋಡಿದರೆ ಸಾಕು, ಬಾಯಿಮಾತಿನ ಅಗತ್ಯ ಬೀಳುವುದಿಲ್ಲ. ಅದನ್ನು ಕೊನೆಗೆ ತೊಡುವವಳು ಯಾರು ಎಂಬುದು ಗೊತ್ತಾಗುವವರೆಗೆ ಅಲ್ಲಿರುವ ಪ್ರತಿಯೊಬ್ಬಳೂ ಬಲಿಯಾಗಬಹುದಾದವಳೇ. ಒಂದು ವಸ್ತು, ಅನೇಕ ಕೈಗಳು. ಇಷ್ಟು ಸರಳ ಉಪಾಯದಿಂದ ಇಷ್ಟು ದೊಡ್ಡ ಭಯ ಹುಟ್ಟಿಸಿದ ಕೃತಿ ಇನ್ನೊಂದು ಸಿಗುವುದು ಕಷ್ಟ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಉದಾಹರಣೆಗೆ ಏಳು ಮಂದಿಯ 20 ನಿಮಿಷದ ಕೃತಿ ಎಂದಿಟ್ಟುಕೊಳ್ಳಿ. ಏಳೇ ಯಾಕೆಂದರೆ ಅದು ಜೋಡಿಯಾಗಿ ಒಡೆಯುವ ಸಂಖ್ಯೆಯಲ್ಲ, ಎರಡೆರಡಾಗಿ ಹಂಚಿದರೂ ಮೂರುಮೂರಾಗಿ ಹಂಚಿದರೂ ಒಬ್ಬರು ಉಳಿಯುತ್ತಾರೆ. ಐದು ಮಂದಿಯಲ್ಲಿ ಒಬ್ಬರು ಹೊರಬಿದ್ದರೆ ಉಳಿದ ನಾಲ್ವರು ಎರಡು ಜೋಡಿಯಾಗಿ ಕಂಡು ಗುಂಪು ತೆಳ್ಳಗಾಗುತ್ತದೆ. ಹನ್ನೆರಡು ದಾಟಿದರೆ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಗುಂಪಿನ ಒಂದು ನಿಮಿಷದ ಭಾಗಕ್ಕೆ ಮೂರು ತಾಸು ತಾಲೀಮು ಹಿಡಿಯುವುದು ಕ್ಷೇಮ, ಅಂದರೆ 60 ತಾಸು. ದಿನಕ್ಕೆ ಎರಡು ತಾಸಿನಂತೆ ವಾರಕ್ಕೆ ನಾಲ್ಕು ದಿನ ಸೇರಿದರೆ ಏಳೂವರೆ ವಾರ. ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆಗ ಬೆಳಿಗ್ಗೆ ಆರರಿಂದ ಎಂಟು ಬಿಟ್ಟರೆ ಬೇರೆ ಹೊತ್ತು ಮೈಗೆ ಆಗುವುದಿಲ್ಲ. ಪ್ರದರ್ಶನ ನಡೆಯುವ ವೇದಿಕೆಯನ್ನು ಮೊದಲ ವಾರವೇ ಟೇಪು ಹಿಡಿದು ಅಳೆದು, ಅದೇ ಅಳತೆಯನ್ನು ತಾಲೀಮಿನ ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತು ಮಾಡಬೇಕು. ಇದನ್ನು ಮಾಡದೆ ಸಣ್ಣ ಹಾಲಿನಲ್ಲಿ ಕಟ್ಟಿದ ಗುಂಪು ದೊಡ್ಡ ವೇದಿಕೆಗೆ ಬಂದಾಗ ತಾನಾಗಿಯೇ ಹರಡಿಕೊಳ್ಳುತ್ತದೆ. ಒಂದೂವರೆ ಅಡಿಯ ಅಂತರ ಮೂರು ಅಡಿಯಾದರೆ ಒಕ್ಕಟ್ಟು ಕಾಣುವುದಿಲ್ಲ, ಏಳು ಮಂದಿ ಬಸ್ಸಿಗೆ ಕಾಯುತ್ತಿರುವಂತೆ ಕಾಣುತ್ತದೆ.

ನೆಲದ ಬಗ್ಗೆ ಕಟುವಾಗಿಯೇ ಹೇಳಬೇಕು. ಶಾಬಾದಿ ಕಲ್ಲು, ಗ್ರಾನೈಟು, ಸಿಮೆಂಟು, ಇವುಗಳ ಮೇಲೆ ದಿನಾ ಎರಡು ತಾಸು ಜಿಗಿದರೆ ಮೊಣಕಾಲಿನ ಕೆಳಗಿನ ನಳಿಗೆಯೆಲುಬು ನೋಯಲು ಶುರುವಾಗುತ್ತದೆ, ಆ ನೋವು ವಿಶ್ರಾಂತಿ ಇಲ್ಲದೆ ಹೋಗುವುದಿಲ್ಲ. ಮೇಲೆ ಜಮಖಾನ ಹಾಸುವುದು ಪರಿಹಾರವಲ್ಲ. ಅದು ಕಾಲಡಿ ಸರಿಯುತ್ತದೆ, ತಿರುಗುವಾಗ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ದಪ್ಪ ಸ್ಪಂಜಿನ ಕುಸ್ತಿ ಮ್ಯಾಟೂ ಬೇಡ, ಪಾದ ಹುಗಿದು ನಿಂತು ಮೊಣಕಾಲು ಮಾತ್ರ ತಿರುಚುತ್ತದೆ. ಕೈಗೆಟಕುವ ದಾರಿಯೆಂದರೆ 12 ಎಂ.ಎಂ. ಪ್ಲೈವುಡ್ಡಿನ ಎರಡು ಪದರ. ಮೇಲಿನ ಪದರದ ಸಂದು ಕೆಳಗಿನ ಸಂದಿನ ಮೇಲೆ ಬೀಳಬಾರದು. ಅಡಿಯಲ್ಲಿ ಅಡಿಗೊಂದರಂತೆ ರಬ್ಬರಿನ ತುಂಡುಗಳು. ಇಷ್ಟೂ ಆಗದಿದ್ದರೆ ಜಿಗಿತಗಳನ್ನು ತಾಲೀಮಿನಲ್ಲಿ ಗುರುತಿಗೆ ಮಾತ್ರ ಇಟ್ಟು, ಪೂರ್ತಿ ಜಿಗಿಯುವುದನ್ನು ವಾರಕ್ಕೊಮ್ಮೆಗೆ ಇಳಿಸಬೇಕು.

ಮೊದಲ ಎರಡು ವಾರ ನಡಿಗೆ ಬಿಟ್ಟು ಬೇರೇನೂ ಬೇಡ. ಏಳು ಮಂದಿ ಒಟ್ಟಿಗೆ ನಡೆಯಬೇಕು, ಒಟ್ಟಿಗೆ ನಿಲ್ಲಬೇಕು, ಯಾರೂ ಸನ್ನೆ ಮಾಡಬಾರದು. ಕೇಳಲು ಸುಲಭ. ಮೊದಲ ದಿನ ನಿಲ್ಲುವುದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ, ಒಬ್ಬರು ನಿಂತದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಹತ್ತನೆಯ ದಿನದ ಹೊತ್ತಿಗೆ ಅದು ಅರ್ಧ ಸೆಕೆಂಡಿಗೆ ಇಳಿದರೆ ತಂಡ ಕೇಳುವುದನ್ನು ಕಲಿಯುತ್ತಿದೆ ಎಂದರ್ಥ. ಇಲ್ಲಿ ಕಣ್ಣನ್ನು ಒಂದೆಡೆ ನೆಡಬಾರದು. ಎದುರಿನ ಗೋಡೆಯ ಮೇಲೆ ಸಡಿಲವಾಗಿ ಬಿಟ್ಟು, ಎರಡೂ ಅಂಚಿನಿಂದ ಪಕ್ಕದವರನ್ನು ಗಮನಿಸಬೇಕು. ಹೇಳಿಕೊಡುವವರು ‘ತಮ್ಮಾ, ನೋಡಬ್ಯಾಡ, ಕೇಳು’ ಎಂದು ನೂರು ಸಲ ಹೇಳಬೇಕಾಗುತ್ತದೆ, ಹೇಳಲಿ.

ಆಮೇಲೆ ಯೂನಿಸನ್, ಅಂದರೆ ಎಲ್ಲರೂ ಒಂದೇ ಚಲನೆಯನ್ನು ಒಂದೇ ಹೊತ್ತಿಗೆ ಮಾಡುವುದು. ಶಾಲೆಯ ಕವಾಯತು ಮಾಡಿದವರಿಗೆಲ್ಲ ಇದು ಗೊತ್ತು ಎನಿಸುತ್ತದೆ. ಆದರೆ ಕವಾಯತಿನಲ್ಲಿ ಸೀಟಿಯ ಸದ್ದಿಗೆ ಚಲನೆ ಮುಗಿಯುವ ಜಾಗ ಒಂದಾದರೆ ಸಾಕು, ಇಲ್ಲಿ ಶುರುವಾಗುವ ಕ್ಷಣ ಒಂದಾಗಬೇಕು. ಹೆಚ್ಚಿನ ತಪ್ಪು ಹುಟ್ಟುವುದೇ ಇದರಿಂದ: ಎಲ್ಲರ ಕೈಯೂ ನಾಲ್ಕನೆಯ ಎಣಿಕೆಗೆ ಮೇಲೆ ತಲುಪಿರುತ್ತದೆ, ಆದರೆ ಒಬ್ಬರು ಒಂದಕ್ಕೆ ಎತ್ತಿರುತ್ತಾರೆ, ಇನ್ನೊಬ್ಬರು ಎರಡೂವರೆಗೆ ಎತ್ತಿ ಓಡಿಸಿರುತ್ತಾರೆ. ಇದಕ್ಕೆ ಮದ್ದು ಉಸಿರು. ಚಲನೆಗೆ ಮುಂಚಿನ ಉಸಿರನ್ನು ಎಲ್ಲರೂ ಕಿವಿಗೆ ಬೀಳುವಷ್ಟು ಜೋರಾಗಿ ಒಟ್ಟಿಗೆ ಎಳೆದುಕೊಳ್ಳಲಿ. ನಾಲ್ಕು ದಿನದಲ್ಲಿ ಅದು ತಾನಾಗಿ ಸಣ್ಣದಾಗುತ್ತದೆ, ಹೊಂದಿಕೆ ಉಳಿಯುತ್ತದೆ. ಎರಡನೆಯ ತಪ್ಪು ಎತ್ತರದ್ದು. ಆರಡಿಯ ಹುಡುಗನಿಗೂ ಐದಡಿಯ ಹುಡುಗಿಗೂ ‘ಕೈ ಕಿಟಕಿಯ ಎತ್ತರಕ್ಕೆ’ ಎಂದರೆ ಸಾಲು ಕೆಡುತ್ತದೆ, ‘ಭುಜದ ಮಟ್ಟಕ್ಕೆ’ ಎಂದರೆ ಕೋನ ಒಂದಾಗುತ್ತದೆ. ಮೂರನೆಯದು ನೋಟ. ಕೈಕಾಲು ಕಲಿಸಿ ಕಣ್ಣನ್ನು ಮರೆತ ತಂಡವನ್ನು ದೂರದಿಂದಲೇ ಗುರುತಿಸಬಹುದು.

ಪರೀಕ್ಷೆಗೆ ಮೊಬೈಲು ಸಾಕು. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮು, ಅಂದರೆ ಮೂರು ಫ್ರೇಮಿನ ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟಾದರೆ ಗ್ಯಾಲರಿಯಲ್ಲಿ ಕುಳಿತವರಿಗೂ ಕಾಣುತ್ತದೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುವಾಗ ಕೈಯನ್ನು ನೋಡಬೇಡಿ, ಹಿಮ್ಮಡಿ ನೋಡಿ. ಕೈ ಸುಳ್ಳು ಹೇಳಬಹುದು, ಹಿಮ್ಮಡಿ ಹೇಳುವುದಿಲ್ಲ. ಮೊಹರಂ ಹೊತ್ತಿನ ಹೆಜ್ಜೆ ಕುಣಿತದಲ್ಲಿ ಗೆಜ್ಜೆ ಮಾಡುವ ಕೆಲಸ ಇದೇ: ಹತ್ತಾರು ಕಾಲಿನ ಗೆಜ್ಜೆ ‘ಝಣ್’ ಎಂದು ಒಂದೇ ಸದ್ದಾಗಿ ಬಂದರೆ ಸರಿ, ‘ಝರ್ರ್’ ಎಂದು ಚೆಲ್ಲಿದರೆ ಯಾರೋ ಹಿಂದುಳಿದಿದ್ದಾರೆ. ತಾಲೀಮಿನಲ್ಲಿ ಎಲ್ಲರೂ ಒಂದೊಂದು ಸರ ಗೆಜ್ಜೆ ಕಟ್ಟಿ ಅಭ್ಯಾಸ ಮಾಡಿ, ಪ್ರದರ್ಶನದ ಹೊತ್ತಿಗೆ ಬಿಚ್ಚಿದರೆ ಕಿವಿ ಪಳಗಿರುತ್ತದೆ. ಗೋಡೆಗನ್ನಡಿ ಇರುವ ಹಾಲಾದರೆ ಕೊನೆಯ ಮೂರು ವಾರ ಅದಕ್ಕೆ ಬೆನ್ನು ಮಾಡಿ ನಿಲ್ಲಿ. ಕನ್ನಡಿ ನೋಡಿ ಹೊಂದಿಸಿಕೊಂಡ ಗುಂಪು ವೇದಿಕೆಯ ಕತ್ತಲೆಯ ಎದುರು ಅನಾಥವಾಗುತ್ತದೆ.

ಸದ್ದಿಗೂ ಒಂದು ಲೆಕ್ಕವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರದಲ್ಲಿದ್ದವರಿಗೆ ಅದೇ ಪೆಟ್ಟು ಹತ್ತನೇ ಒಂದು ಸೆಕೆಂಡು ತಡವಾಗಿ ಕೇಳುತ್ತದೆ. ಬೆಳಗಾವಿಯ ಗಣಪತಿ ಮೆರವಣಿಗೆಯಲ್ಲಿ ಢೋಲ್‌ತಾಶಾ ತಂಡ ಉದ್ದವಾದಂತೆ ಹಿಂದಿನ ಸಾಲು ಜಾರುವುದಕ್ಕೆ ಇದೂ ಒಂದು ಕಾರಣ. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು, ಹಾಗಾಗಿ ಆ ತಡ ಪೆಟ್ಟಿನ ಐದನೇ ಒಂದು ಪಾಲು. ಸಣ್ಣ ವೇದಿಕೆಯಲ್ಲಿ ಇಷ್ಟಾಗದು, ಆದರೆ ಸ್ಪೀಕರುಗಳು ಪ್ರೇಕ್ಷಕರ ಕಡೆಗಷ್ಟೇ ತಿರುಗಿದ್ದರೆ ಕುಣಿಯುವವರಿಗೆ ಕೇಳುವುದು ಹಿಂಗೋಡೆಗೆ ಬಡಿದು ಮರಳಿದ ಸದ್ದು. ವೇದಿಕೆಯೊಳಗೆ ಎರಡೂ ಬದಿಗೆ ಒಂದೊಂದು ಮಾನಿಟರ್, ಅಂದರೆ ಕುಣಿಯುವವರ ಕಡೆ ತಿರುಗಿದ ಸ್ಪೀಕರ್, ಇರಲೇಬೇಕೆಂದು ಹಟ ಹಿಡಿಯಿರಿ.

ಒಂದಾದ ಮೇಲೆ ಬೇರೆಯಾಗುವುದು. ಇಲ್ಲಿನ ಗುಟ್ಟು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೊತ್ತು, ಜಾಗ, ದಿಕ್ಕು, ಎತ್ತರ, ಚಲನೆಯ ಬಿಗಿ–ಸಡಿಲು, ಈ ಐದರಲ್ಲಿ ನಾಲ್ಕು ಗುಂಪಿನಂತೆಯೇ ಇರಲಿ. ಆರು ಮಂದಿ ಉತ್ತರಕ್ಕೆ ಮುಖ ಮಾಡಿ ಎಂಟು ಎಣಿಕೆಯ ಚಲನೆ ಮಾಡುತ್ತಿದ್ದಾರೆ, ಏಳನೆಯವಳೂ ಅದೇ ಚಲನೆಯನ್ನು ಅದೇ ಹೊತ್ತಿಗೆ ಅದೇ ಸಾಲಿನಲ್ಲಿ ಮಾಡುತ್ತಿದ್ದಾಳೆ, ಆದರೆ ದಕ್ಷಿಣಕ್ಕೆ ಮುಖ ಮಾಡಿ. ನೋಡುವವರ ಎದೆ ಧಸಕ್ಕೆನ್ನುತ್ತದೆ. ಅದರ ಬದಲು ಅವಳು ಮುಂದೆ ಓಡಿಬಂದು ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ಬೇರೊಂದು ನೃತ್ಯವಾಯಿತು, ಗುಂಪಿಗೂ ಅವಳಿಗೂ ಇದ್ದ ನಂಟು ಕಾಣುವುದಿಲ್ಲ. ಇಸ್ರೇಲಿನ ನೃತ್ಯ ಸಂಯೋಜಕ ಒಹಾದ್ ನಹರಿನ್ ಅವರ ಒಂದು ಪ್ರಸಿದ್ಧ ಭಾಗದಲ್ಲಿ ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿವೆ. ಒಬ್ಬರಾದ ಮೇಲೊಬ್ಬರು ಹಿಂದಕ್ಕೆ ಬಾಗುತ್ತ ಒಂದು ಅಲೆ ಸಾಲಿನುದ್ದಕ್ಕೂ ಹರಿಯುತ್ತದೆ, ಕೊನೆಯ ಕುರ್ಚಿಯವರು ಮಾತ್ರ ಪ್ರತಿ ಸಲ ನೆಲಕ್ಕೆ ಬೀಳುತ್ತಾರೆ. ಮತ್ತೆ ಎದ್ದು ಕೂರುತ್ತಾರೆ, ಮತ್ತೆ ಬೀಳುತ್ತಾರೆ. ಬದಲಾದದ್ದು ಒಂದೇ ಒಂದು, ಅದೂ ಪ್ರತಿ ಸಲ ಅದೇ.

ಕ್ಯಾನನ್ ಎಂದರೆ ಒಂದೇ ಚಲನೆಯನ್ನು ಒಬ್ಬರ ಬೆನ್ನಿಗೊಬ್ಬರು ಶುರುಮಾಡುವುದು. ಭಜನಿಯಲ್ಲಿ ಮುಂದಿನವರು ಹೇಳಿ ಮುಗಿಸಿದ ಮೇಲೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಕ್ಯಾನನ್ನಿನಲ್ಲಿ ಮುಗಿಯುವತನಕ ಕಾಯುವುದಿಲ್ಲ, ಒಂದರ ಮೇಲೊಂದು ಹೇರಿಕೊಳ್ಳುತ್ತದೆ. ಲೆಕ್ಕ ಹೀಗೆ: ಎಂಟು ಎಣಿಕೆಯ ಚಲನೆ, ಏಳು ಮಂದಿ, ಒಂದು ಎಣಿಕೆಯ ಅಂತರ. ಕೊನೆಯವರು ಆರು ಎಣಿಕೆ ತಡವಾಗಿ ಶುರುಮಾಡುವುದರಿಂದ ಒಟ್ಟು 14. ಎರಡೆರಡರ ಅಂತರವಾದರೆ 20, ನಾಲ್ಕರದಾದರೆ 32. ನಿಮಿಷಕ್ಕೆ 90 ಎಣಿಕೆಯ ಲಯದಲ್ಲಿ ಇವು ಸುಮಾರು 9, 13 ಮತ್ತು 21 ಸೆಕೆಂಡು. ಒಂದರ ಅಂತರ ಗಾಳಿಗೆ ಜೋಳದ ಹೊಲ ಬಾಗಿದಂತೆ ಕಾಣುತ್ತದೆ, ಅಲ್ಲಿ ಯಾರೂ ವ್ಯಕ್ತಿಯಲ್ಲ. ನಾಲ್ಕರ ಅಂತರದಲ್ಲಿ ಪ್ರತಿಯೊಬ್ಬರೂ ತಾವೇ ನಿರ್ಧಾರ ಮಾಡಿದಂತೆ ಕಾಣುತ್ತದೆ. ಚಲನೆ ಅದೇ, ಅರ್ಥ ತಿರುಗಿತು. ಇದು ಕೆಡುವುದು ಒಂದೇ ಕಾರಣಕ್ಕೆ: ಮುಂದಿನವರನ್ನು ನೋಡಿ ಶುರುಮಾಡುವುದು. ನೋಡಿ ಹೊರಡುವವರೆಲ್ಲ ಚೂರು ಚೂರು ತಡ ಸೇರಿಸುತ್ತಾರೆ, ಏಳನೆಯವರ ಹೊತ್ತಿಗೆ ಅದು ಒಂದಿಡೀ ಎಣಿಕೆಯಾಗಿರುತ್ತದೆ. ಪ್ರತಿಯೊಬ್ಬರೂ ಮೊದಲಿನಿಂದ ತಮ್ಮ ಎಣಿಕೆಯನ್ನು ಒಳಗೇ ಎಣಿಸಬೇಕು. ತುಟಿ ಅಲ್ಲಾಡಬಾರದು.

ಎಣಿಕೆಯೇ ಇಲ್ಲದೆ ಕಟ್ಟುವ ಇನ್ನೊಂದು ದಾರಿಯಿದೆ, ಅದಕ್ಕೆ ಇಳಕಲ್ಲಿನ ನೇಕಾರರ ಮಾತೊಂದನ್ನು ತರಬಹುದು: ಕೊಂಡಿ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ, ಒಂದೊಂದೇ ಎಳೆಯಾಗಿ ಎರಡನ್ನೂ ಕೂಡಿಸುತ್ತಾರೆ. ನೃತ್ಯದ ಕ್ಯೂ ಎಂಬುದೂ ಹಾಗೆಯೇ: ನೀನು ಮೊಣಕೈ ಮಡಿಸಿದಾಗ ನಾನು ಹೊರಳುತ್ತೇನೆ, ನಾನು ಹೊರಳಿ ನಿಂತಾಗ ಅವಳು ಓಡುತ್ತಾಳೆ. ನೃತ್ಯ ಸಂಯೋಜಕ ವಿಲಿಯಂ ಫಾರ್ಸೈತ್ 2000ದಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮಾಡಿದ ‘ಒನ್ ಫ್ಲ್ಯಾಟ್ ಥಿಂಗ್, ರೀಪ್ರೊಡ್ಯೂಸ್ಡ್’ ಕೃತಿಯಲ್ಲಿ 20 ಮೇಜುಗಳ ನಡುವೆ, ಮೇಲೆ, ಕೆಳಗೆ ನರ್ತಕರು ನುಗ್ಗುತ್ತಾರೆ. ಮೊದಲು ಬರೀ ಗದ್ದಲ. ನೋಡುತ್ತ ಹೋದಂತೆ ಒಬ್ಬರ ಚಲನೆ ಇನ್ನೊಬ್ಬರಿಗೆ ಕೊಂಡಿ ಹಾಕಿರುವುದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಎಲ್ಲರೂ ಬೇರೆ ಬೇರೆ ಮಾಡುತ್ತಿದ್ದಾರೆ, ಆದರೂ ಅದು ಗುಂಪು. ಒಂದೇ ರೀತಿ ಮಾಡುವುದೇ ಒಗ್ಗಟ್ಟು ಎಂದು ನಂಬಿದವರಿಗೆ ಇದೊಂದು ದೊಡ್ಡ ಪಾಠ. ತಾಲೀಮಿನಲ್ಲಿ ಪ್ರತಿಯೊಬ್ಬರಿಗೂ ಎರಡು ಕೊಂಡಿ ಕೊಡಿ, ಒಂದು ಪಡೆಯುವುದು, ಒಂದು ಕೊಡುವುದು. ಗೋಡೆಯ ಮೇಲೆ ಹೆಸರು ಬರೆದು ಬಾಣ ಹಾಕಿ. ಎಲ್ಲ ಬಾಣವೂ ಒಬ್ಬರ ಕಡೆಗೇ ತಿರುಗಿದ್ದರೆ ಆ ಒಬ್ಬರು ಮರೆತ ದಿನ ಇಡೀ ಕೃತಿ ನಿಂತುಬಿಡುತ್ತದೆ.

ಹಕ್ಕಿಗಳ ಹಿಂಡಿನ ಅಭ್ಯಾಸ ಎಲ್ಲ ತಂಡಕ್ಕೂ ಬೇಕು. ಚಳಿಗಾಲದಲ್ಲಿ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ನಮ್ಮ ಎರೆಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಹೊಲ ಕಾಯುವವರು ಕವಣೆ ಬೀಸಿದಾಗ ಅಷ್ಟೂ ಹಕ್ಕಿ ಒಮ್ಮೆಗೇ ಎದ್ದು, ಹಾಸಿದ ಬಟ್ಟೆ ಮಗುಚಿದಂತೆ ತಿರುಗುತ್ತವೆ. ಅವುಗಳಿಗೆ ಮುಂದಾಳು ಇಲ್ಲ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರಿನಲ್ಲಿ ಇಂಥ ಹಿಂಡನ್ನು ಮೂರೇ ನಿಯಮದಿಂದ ಹುಟ್ಟಿಸಿ ತೋರಿಸಿದರು: ಪಕ್ಕದವರಿಗೆ ತಾಗಬೇಡ, ಪಕ್ಕದವರ ದಿಕ್ಕಿಗೇ ಹೋಗು, ಹಿಂಡಿನ ನಡುವಿನಿಂದ ದೂರ ಹೋಗಬೇಡ. ರೋಮ್ ನಗರದ ಇದೇ ಕುಟುಂಬದ ಹಕ್ಕಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ, ಒಂದೊಂದು ಹಕ್ಕಿಯೂ ಎಷ್ಟೇ ದೂರವಿರಲಿ ತನಗೆ ಹತ್ತಿರದ ಆರೇಳು ಹಕ್ಕಿಗಳನ್ನಷ್ಟೇ ಗಮನಿಸುತ್ತದೆ ಎಂದು ಕಂಡುಕೊಂಡಿತು. ಸಾವಿರ ಹಕ್ಕಿಯ ಹಿಂಡಿಗೂ ಆರೇಳೇ ನೆರೆಯವರು.

ಮಾಡುವ ಕ್ರಮ: ಏಳು ಮಂದಿ ವಜ್ರದ ಆಕಾರದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಲಿ, ನಡುವೆ ಒಂದು ತೋಳಿನಷ್ಟು ಅಂತರ. ಮುಂದಿನ ತುದಿಯವರು ಚಲಿಸಿದಂತೆ ಉಳಿದವರು. ಅವರು ಕಾಲು ಸುತ್ತು ತಿರುಗಿದರೆ ಗುಂಪೂ ತಿರುಗುತ್ತದೆ, ಆಗ ಆ ದಿಕ್ಕಿನ ತುದಿಯಲ್ಲಿರುವವರ ಕೈಗೆ ಮುಂದಾಳುತನ ತಾನಾಗಿ ಬಂತು. ಮೊದಮೊದಲು ಒಂದು ಚಲನೆಗೆ ಎಂಟು ಎಣಿಕೆಯಷ್ಟು ನಿಧಾನ ಇರಬೇಕು. ಮುಂದಿರುವವರು ಎದೆಯ ಮುಂದೆ ಕೈಯಾಡಿಸಿದರೆ ಹಿಂದಿನವರಿಗೆ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ, ಆದ್ದರಿಂದ ಕೈ ಬದಿಗೆ ಅಥವಾ ಮೇಲಕ್ಕೆ. ತಿರುಗಿದ ಕೂಡಲೇ ಹೊಸ ಮುಂದಾಳು ಗಾಬರಿಯಿಂದ ತನ್ನದೇನಾದರೂ ದೊಡ್ಡದು ಮಾಡಹೋಗುತ್ತಾರೆ, ಹಿಂಡು ಅಲ್ಲೇ ಒಡೆಯುತ್ತದೆ. ನಾಲ್ಕು ಎಣಿಕೆ ಸುಮ್ಮನೆ ನಿಂತು ಉಸಿರಾಡಲಿ, ಆಮೇಲೆ ಹೊರಡಲಿ. ಮುಂದಾಳು ಯಾರು ಎಂಬುದು ನೋಡುವವರಿಗೆ ಗೊತ್ತೇ ಆಗದ ದಿನ ಈ ಅಭ್ಯಾಸ ಕೈಗೂಡಿದಂತೆ.

ಭಾರ ಕೊಡುವುದು, ಪಡೆಯುವುದು ಬೇರೆಯೇ ವಿದ್ಯೆ. ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ 1972ರಲ್ಲಿ ಆರಂಭಿಸಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ನಿಂದ (ಮೈಗೆ ಮೈ ತಾಗಿಸಿ ಆ ಕ್ಷಣಕ್ಕೆ ಹೊಳೆದಂತೆ ಕಟ್ಟುವ ನೃತ್ಯ) ಇದು ಸಮಕಾಲೀನ ನೃತ್ಯದ ತುಂಬ ಹರಡಿತು. ಗುಂಪಿನ ಕೃತಿಗಳಲ್ಲಿ ಒಬ್ಬರು ಹಿಂದಕ್ಕೆ ಬಿದ್ದು ಆರು ಮಂದಿ ಹಿಡಿಯುವುದು ಮೇಲಿಂದ ಮೇಲೆ ಬರುತ್ತದೆ, ಗಾಯಗಳಾಗುವುದೂ ಇಲ್ಲೇ ಹೆಚ್ಚು. ಬಳೆ, ಉಂಗುರ, ಗಡಿಯಾರ, ಉಡದಾರ ತೆಗೆದಿಡಬೇಕು. ಹಿಡಿಯುವವರ ಒಂದು ಕಾಲು ಹಿಂದೆ, ಮೊಣಕಾಲು ಮಡಿದು, ಅಂಗೈ ಮೇಲೆ, ಹೆಬ್ಬೆರಳು ಬೆರಳುಗಳ ಪಕ್ಕಕ್ಕೆ ಒತ್ತಿರಬೇಕು. ಮೊದಲ ದಿನ ಒಂದು ಗೇಣು ಮಾತ್ರ ವಾಲಲಿ, ಮರುದಿನ ಎರಡು ಗೇಣು. ಬೀಳುವವರು ಹೆದರಿ ಸೊಂಟ ಮಡಿಸಿದರೆ ಅವರ ಭಾರವೆಲ್ಲ ನಡುವಿನ ಇಬ್ಬರ ಮಣಿಕಟ್ಟಿಗೆ ಬೀಳುತ್ತದೆ. ಮೈ ಹಲಗೆಯಂತೆ ನೆಟ್ಟಗಿದ್ದರೆ ಆರು ಮಂದಿಗೂ ಹಂಚಿಹೋಗುತ್ತದೆ. ಕಟ್ಟೆ, ಮೇಜು ಮೇಲಿಂದ ಬೀಳುವುದನ್ನು ನುರಿತವರಿಲ್ಲದೆ ಮಾಡಲೇಬಾರದು.

ಒಂದು ಎಚ್ಚರಿಕೆ ಮನಸ್ಸಿನ ಕಡೆಯದು. ಹೊರಹಾಕಲ್ಪಟ್ಟವರ ಪಾತ್ರ ಮಾಡುವುದು ಆಟವಾದರೂ ಮೈ ಅದನ್ನು ಆಟವೆಂದು ತಿಳಿಯುವುದಿಲ್ಲ. ಓಣಿ, ಕೇರಿ, ಬಹಿಷ್ಕಾರ ಎಂಬ ಮಾತುಗಳು ಇನ್ನೂ ಜೀವಂತವಿರುವ ಊರುಗಳಲ್ಲಿ ಆರು ಮಂದಿ ಒಟ್ಟಿಗೆ ಬೆನ್ನು ತಿರುಗಿಸಿದಾಗ ಏಳನೆಯವರಿಗೆ ಏನೇನು ನೆನಪಾಗುತ್ತದೋ ಹೇಳಲಾಗದು. ತಾಲೀಮಿನ ಕಾಲದಲ್ಲಿ ಆ ಪಾತ್ರ ದಿನಕ್ಕೊಬ್ಬರಂತೆ ತಿರುಗಲಿ, ಎಲ್ಲರೂ ಹೊರಗೆ ನಿಂತು ನೋಡಲಿ. ಯಾರಿಗೆ ಅಂತಿಮವಾಗಿ ಕೊಡಬೇಕೆಂಬುದು ಆರನೆಯ ವಾರಕ್ಕೆ ನಿರ್ಧಾರವಾದರೆ ಸಾಕು. ಬೇಡ ಎನ್ನುವ ಹಕ್ಕು ಕೊನೆಯವರೆಗೂ ಇರಬೇಕು. ಗುಂಪಿನ ಒಂದೇತನಕ್ಕೂ ಇನ್ನೊಂದು ಮುಖವಿದೆ. ರುಡಾಲ್ಫ್ ಲಾಬಾನ್ ಜರ್ಮನಿಯಲ್ಲಿ ಸಾಮಾನ್ಯ ಜನರನ್ನು ಸೇರಿಸಿ ದೊಡ್ಡ ಚಲನಾಮೇಳಗಳನ್ನು ಕಟ್ಟಿದವರು. 1936ರ ಬರ್ಲಿನ್ ಒಲಿಂಪಿಕ್ಸಿಗೆಂದು ನೂರಾರು ಮಂದಿಯೊಡನೆ ಸಿದ್ಧಪಡಿಸಿದ ಕೃತಿಯ ಕೊನೆಯ ತಾಲೀಮನ್ನು ನೋಡಿದ ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಅದನ್ನು ನಿಷೇಧಿಸಿದ. ಸಾವಿರ ಮಂದಿ ಒಟ್ಟಿಗೆ ಕೈಯೆತ್ತುವುದು ಯಾರಿಗಾಗಿ ಎಂಬ ಪ್ರಶ್ನೆ ಅಧಿಕಾರಕ್ಕೂ ಚೆನ್ನಾಗಿ ಅರ್ಥವಾಗುತ್ತದೆ.

ಸಂಗೀತಕ್ಕೆ ಕರಡಿ ಮಜಲಾಗಲಿ ಹಲಗಿಯಾಗಲಿ ಬಳಸುವುದಾದರೆ ಬಾರಿಸುವವರು ಮೊದಲ ವಾರದಿಂದಲೇ ತಾಲೀಮಿನಲ್ಲಿರಬೇಕು, ಹೆಸರು ಕರಪತ್ರದಲ್ಲಿ ನರ್ತಕರ ಸಾಲಿನಲ್ಲೇ ಬರಬೇಕು, ಸಂಭಾವನೆಯೂ ಅಷ್ಟೇ. ವ್ಯಕ್ತಿಯನ್ನು ಕುರಿತ ಕೃತಿಯೊಂದು ತನ್ನ ವಾದ್ಯದವರನ್ನೇ ಹೆಸರಿಲ್ಲದವರನ್ನಾಗಿ ಮಾಡಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಚರ್ಮದ ಹಲಗಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಎ.ಸಿ. ಹಾಲಿನ ತಂಪಿಗೆ ಅದು ಸಡಿಲಾಗಿ ದನಿ ಬೀಳುತ್ತದೆ. ರಂಗಮಂದಿರದೊಳಗೆ ಬೆಂಕಿ ಹಚ್ಚುವಂತಿಲ್ಲ, ಆದ್ದರಿಂದ ಹೊರಗೆ ಕಾಯಿಸುವ ಜಾಗ ಮತ್ತು ಒಳಗೆ ತರುವ ಹೊತ್ತನ್ನು ಮೊದಲೇ ಗೊತ್ತುಮಾಡಿ, ನಡುವೆ ಬದಲಿಸಲು ಇನ್ನೊಂದು ಹಲಗಿಯನ್ನು ಕಾಯಿಸಿಡಬೇಕು.

ಬೆಳಕಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂಟಿಯಾದವರ ಮೇಲೆ ಗುಂಡಗಿನ ಸ್ಪಾಟ್ ಹಾಕುವುದು. ಇಷ್ಟು ದಿನ ಅಂತರದಿಂದ, ದಿಕ್ಕಿನಿಂದ ಹೇಳಿದ್ದನ್ನು ಅದು ಬೆರಳು ಮಾಡಿ ತೋರಿಸಿಬಿಡುತ್ತದೆ, ಗುಂಪು ಕತ್ತಲಲ್ಲಿ ಕರಗುತ್ತದೆ. ಎದುರಿನ ಬೆಳಕು ತಗ್ಗಿಸಿ ಎರಡೂ ವಿಂಗಿನಿಂದ, ಅಂದರೆ ವೇದಿಕೆಯ ಪಕ್ಕದ ಮರೆಯಿಂದ, ಒಂದಡಿ, ನಾಲ್ಕಡಿ, ಏಳಡಿ ಎತ್ತರದಲ್ಲಿ ಬದಿಬೆಳಕು ಕೊಟ್ಟರೆ ಏಳೂ ಮೈ ಉಬ್ಬಿ ಕಾಣುತ್ತವೆ. ಉಡುಪು ಒಂದೇ ಬಣ್ಣದ್ದಿರಲಿ, ಹೊಲಿಗೆ ಅವರವರ ಮೈಗೆ ತಕ್ಕ ಹಾಗೆ.

ಕೊನೆಯ ಒಂದು ನಿಮಿಷದಲ್ಲಿ ಏಳನೆಯವಳು ಸಾಲು ಬಿಟ್ಟು ಹೋಗಿದ್ದಾಳೆ ಎಂದುಕೊಳ್ಳಿ. ಸಾಲಿನಲ್ಲಿ ಅವಳು ನಿಂತಿದ್ದ ಎರಡಡಿ ಜಾಗ ಖಾಲಿ ಉಳಿದಿದೆ. ಆರು ಮಂದಿ ಎಂಟು ಎಣಿಕೆಯೊಳಗೆ ಸರಿದು ಅದನ್ನು ಮುಚ್ಚಿದರೆ ಊರು ಅವಳನ್ನು ಮರೆತಿತು. ಮುಚ್ಚದೆ ಹಾಗೇ ನಡೆಯತೊಡಗಿದರೆ, ತಿರುವಿನಲ್ಲೂ ಆ ಎರಡಡಿಯನ್ನು ಕಾಪಾಡಿಕೊಂಡು ಹೋದರೆ, ಅವಳಿಗಾಗಿ ಕಾಯುತ್ತಿದೆ. ಯಾವುದೆಂದು ನಿರ್ಧರಿಸಿದ ಮೇಲೆ ಅದನ್ನೇ ಹಿಡಿಯಿರಿ. ಎರಡನೆಯದಾದರೆ ಖಾಲಿ ಜಾಗದ ಎಡಬಲ ಇರುವ ಇಬ್ಬರಿಗೆ ಪ್ರತ್ಯೇಕ ತಾಲೀಮು ಬೇಕು. ಅಭ್ಯಾಸಬಲದಿಂದ ಅವರ ಭುಜಗಳು ಹತ್ತಿರ ಸರಿಯುತ್ತಲೇ ಇರುತ್ತವೆ. ನಡುವೆ ಎರಡಡಿಯ ಕೋಲೊಂದನ್ನು ಇಬ್ಬರ ಕೈಗೂ ಕೊಟ್ಟು ಒಂದು ವಾರ ನಡೆಸಿ, ಆಮೇಲೆ ಕೋಲು ತೆಗೆಯಿರಿ.